ಎಮ್ಮೆಗಾಗಿ ಸೀರೆ ಉಟ್ಟ ಮೈದುನ

ಬೆಳಿಗ್ಗೆ ಹಾಲು ಕಾಯಿಸಿದೆ. ಅಕ್ಕಿ ಆರಿಸಿದೆ. ಸಂಪಿನ ಮೋಟರ್ ಹಾಕಿ, ಮರೆಯದೆ ಆರಿಸಿದೆ. ಯಾರದೋ ಕೊಟ್ಟಿಗೆಯಲ್ಲಿ ನಿಂತು ಎಮ್ಮೆಗೆ ಹೆದರಿದೆ. ಬಂದು ಒಣಗಿದ ಬಟ್ಟೆ ಮಡಿಸಿದೆ.

ಎಮ್ಮೆಯ ಕೆಲಸ ನನ್ನದಲ್ಲ, ನನ್ನ ಮೈದುನ ಅಂಟಿಸಿದ್ದು. ಭದ್ರಾವತಿಯಲ್ಲಿ ಅವನಿಗಿಂತ ಪುಕ್ಕಲನನ್ನು ತೋರಿಸಿದವರಿಗೆ ಹೋಳಿಗೆ ಊಟ ಹಾಕುತ್ತೇನೆ! ಬೀದಿನಾಯಿ ಕಂಡರೆ ಗುರುತಿಲ್ಲದವರ ಮನೆಗೆ ನುಗ್ಗಿ "ಎಲ್ರೂ ಚೆನ್ನಾಗಿದೀರಾ?" ಎಂದು ವಿಚಾರಿಸುವ ಮನುಷ್ಯ. ಇಂಥವನು ಇದ್ದ ಉದ್ಯೋಗ ಬಿಟ್ಟು ಪಶುವೈದ್ಯರ ಸಹಾಯಕನಾಗಿ ಸೇರಿದ್ದಾನೆ. ಯಾಕಪ್ಪಾ ಎಂದರೆ, "ಪ್ರಾಣಿ ಅಂದ್ರೆ ನಂಗೆ ಪ್ರಾಣ ಅತ್ತಿಗೆ. ಹತ್ರ ಬಂದ್ರೆ ಮಾತ್ರ ಭಯ."

ಇವತ್ತು ಮೊದಲ ಸಲ ಒಬ್ಬನೇ ಹೋಗಬೇಕಿತ್ತು. ಹೊಳೆಹೊನ್ನೂರಿನ ಹತ್ತಿರ ಒಂದು ಎಮ್ಮೆಗೆ ಕೆಚ್ಚಲು ಬಾವು. ನಿನ್ನೆ ಡಾಕ್ಟರಮ್ಮ ನೋಡಿದ್ದರು. ಇವತ್ತು ಇಂಜೆಕ್ಷನ್ ಕೊಟ್ಟು ಕೆಟ್ಟ ಹಾಲು ಹಿಂಡಿ ತೆಗೆಯದಿದ್ದರೆ ಕೆಚ್ಚಲೇ ಹೋಗುತ್ತದಂತೆ.

"ಇವತ್ತು ಓಡಿ ಬಂದ್ರೆ ಈ ಕೆಲ್ಸನೂ ಬಿಟ್ಟೆ ಅಂತ್ಲೇ ಲೆಕ್ಕ. ನೀವೂ ಬನ್ನಿ, ಸುಮ್ನೆ ನಿಂತ್ಕೊಳ್ಳಿ" ಎಂದ. ಸ್ಕೂಟರ್ ಓಡಿಸಿದ್ದು ನಾನೇ. ನಾಯಿ ಬೊಗಳಿದರೆ ಅವನು ಹ್ಯಾಂಡಲ್ ಬಿಟ್ಟುಬಿಡುತ್ತಾನೆ!

ಎಮ್ಮೆಯೋ, ಕೊಟ್ಟಿಗೆಯೇ ಅದಕ್ಕೆ ಒರಗಿ ನಿಂತಂತಿತ್ತು. ಯಜಮಾನ ವಿವರಿಸಿದ: "ಇವ್ಳು ಗಂಡಸರನ್ನ ಹತ್ರ ಸೇರ್ಸಲ್ಲ ಸಾರ್. ನಮ್ಮನೆಯವ್ಳ ಒಗೀದಿರೋ ಸೀರೆ ಸುತ್ಕೊಂಡೇ ಹೋಗ್ಬೇಕು, ವಾಸ್ನೆ ಹಿಡಿತಾಳೆ. ಅವ್ಳು ಮಗ್ಳ ಹೆರಿಗೆಗೆ ಶಿವಮೊಗ್ಗಕ್ಕೆ ಹೋಗಿದಾಳೆ."

"ನೀವೇ ಸುತ್ಕೊಂಡು ಹಿಡ್ಕೊಳ್ಳಿ ಮತ್ತೆ" ಎಂದ ಮೈದುನ.

ಆತ ಪ್ಲಾಸ್ಟರ್ ಹಾಕಿದ ಕೈ ಎತ್ತಿದ. "ಹೋದ್ವಾರ ಸೀರೆ ಮರ್ತಿದ್ದೆ."

ಮೈದುನನ ಮುಖ ಸುಣ್ಣವಾಯಿತು. ಆದರೂ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡ. ನೆರಿಗೆ ಹಿಡಿದವಳು ನಾನು. ಅವನ ಬೆಲ್ಟಿಗೇ ಸಿಕ್ಕಿಸಿದೆ. ಕೊನೆಗೆ ತಲೆಗೆ ಹೆಲ್ಮೆಟ್ ಏರಿಸಿದ.

"ಅದ್ ತೆಗೀರಿ ಮಾರಾಯ್ರೆ, ನಮ್ಮನೆಯವ್ಳು ಹೆಲ್ಮೆಟ್ ಹಾಕ್ಕೊಂಡು ಹಾಲು ಕರೆಯಲ್ಲ!"

ಸೆರಗು ಹೊದ್ದು ಒಳಗೆ ಕಾಲಿಟ್ಟ. ಎಮ್ಮೆ ಬುಸ್ಸೆಂದು ಕೊಂಬು ತಿರುಗಿಸಿತು. ನಾನು ಕಣ್ಣು ಮುಚ್ಚಿದೆ. ನೆನಪಿದ್ದ ದೇವರೆಲ್ಲ ಮುಗಿದು, ಮೊದಲಿನವರನ್ನೇ ಮತ್ತೆ ಕರೆಯತೊಡಗಿದೆ. ಮೈದುನನ ಹೆಂಡತಿಗೆ ಏನೆಂದು ಹೇಳಲಿ? ಸದ್ದೇ ಇಲ್ಲ! ಕಣ್ಣು ಬಿಟ್ಟರೆ ಎಮ್ಮೆ ಸೆರಗು ಮೂಸುತ್ತಿದೆ, ಇವನ ಅಂಗೈ ಅದರ ಪಕ್ಕೆಯ ಮೇಲಿದೆ.

"ಅತ್ತಿಗೆ, ಇವ್ಳೂ ನಡುಗ್ತಿದಾಳೆ" ಎಂದ ಮೆಲ್ಲಗೆ. ಆಮೇಲೆ ಅದರ ಕಿವಿಯ ಬಳಿ ಬಾಗಿ, "ಹೆದ್ರಬೇಡ ತಾಯಿ, ನಾನೂ ಹೊಸಬ್ನೇ" ಎಂದ.

ಸೂಜಿ ಚುಚ್ಚಿದಾಗ ಅವನ ಕೈ ಅಲುಗಲಿಲ್ಲ. ಗಟ್ಟಿಯಾದ ಹಾಲನ್ನು ಕುಕ್ಕರಗಾಲಲ್ಲಿ ಕೂತು, ಅವಸರವಿಲ್ಲದೆ ಹಿಂಡಿ ತೆಗೆದ. ಅಷ್ಟೂ ಹೊತ್ತು ಅದರೊಡನೆ ಏನೋ ಮಾತಾಡುತ್ತಲೇ ಇದ್ದ.

ರಾತ್ರಿ ತಟ್ಟೆಯ ಮುಂದೆ ಕೂತವನು ಮೊದಲು ಎಮ್ಮೆಯ ಯಜಮಾನನಿಗೆ ಫೋನ್ ಮಾಡಿದ: "ಮೆಲುಕು ಹಾಕ್ತಿದಾಳಾ?" ಹೌದೆಂದ ಮೇಲೆಯೇ ತುತ್ತು ಎತ್ತಿದ್ದು. "ನಾಳೆನೂ ಇಂಜೆಕ್ಷನ್ ಇದೆ. ನೀವು ಬರೋದು ಬೇಡ ಅತ್ತಿಗೆ, ಸುಮ್ನೆ ನಿಮ್ಗೆ ಭಯ."

ಅನ್ನ, ಹುರುಳಿ ಸಾರು, ಸುಟ್ಟ ಹಪ್ಪಳ. ಮೊದಲು ಮಲಗಿದವನು ಅವನೇ. ನಾನಿನ್ನೂ ಎದ್ದಿದ್ದೇನೆ; ನಾಳೆ ಅವನೊಬ್ಬನೇ ಹೋಗುತ್ತಾನಲ್ಲ!