ಅಕ್ಕನಿಗೆ ಎಸಿ ರೂಮು

ಮಗಳ ಮದುವೆಯಲ್ಲಿ ನಾನು ಒಪ್ಪಿಕೊಂಡಿದ್ದು ಒಂದೇ ಕೆಲಸ: ಸೊಕ್ಕೆಯಿಂದ ಬರುವ ಗಿರಿಜಕ್ಕ ಮತ್ತವಳ ಮನೆಯವರಿಗೆ ಉಳಿಯುವ ವ್ಯವಸ್ಥೆ ಮಾಡುವುದು. ಅಡುಗೆ, ಶಾಮಿಯಾನ, ವಾಲಗ ಎಲ್ಲ ಹೆಂಡತಿ ಸಾವಿತ್ರಿಯದು. ಇಷ್ಟು ಸಣ್ಣ ಕೆಲಸದಲ್ಲಿ ಕೆಡಿಸಲು ಏನೂ ಇಲ್ಲವೆಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಗಿರಿಜಕ್ಕ ನನ್ನ ಒಬ್ಬಳೇ ಅಕ್ಕ. ಅವ್ವ ತೀರಿಕೊಂಡ ಮೇಲೆ ನ್ಯಾಮತಿಯ ನಮ್ಮ ಮನೆಯಲ್ಲಿ ಅವಳು ಒಂದು ರಾತ್ರಿಯೂ ಉಳಿದಿಲ್ಲ. ಬೆಳಗಿನ ಬಸ್ಸಿಗೆ ಬಂದು, ಉಂಡು, ಸಂಜೆ ಬಸ್ಸಿಗೆ ಹೊರಟುಬಿಡುತ್ತಾಳೆ. ಚಿಕ್ಕವರಿದ್ದಾಗ ನಡುಮನೆಯಲ್ಲಿ ಸಾಲಾಗಿ ಮಲಗಿ, ಅವ್ವ ಗದರುವ ತನಕ ನಗುತ್ತಿದ್ದವರು ನಾವು. ಅಂಥದೊಂದು ರಾತ್ರಿ ಇನ್ನೊಮ್ಮೆ ಸಿಗಲಿ ಎಂಬುದಷ್ಟೇ ನನ್ನ ಆಸೆ. ಬಹಳ ಯೋಚಿಸಿ ಅವಳು ಉಳಿಯದ ಕಾರಣ ಕಂಡುಹಿಡಿದೆ: ಅವಳಿಗೆ ಮೊಣಕಾಲು ನೋವು, ನಮ್ಮ ಮನೆಯಲ್ಲಿ ಕಮೋಡ್ ಇಲ್ಲ.

ನ್ಯಾಮತಿಯಲ್ಲಿ ಮನಸ್ಸಿಗೆ ಒಪ್ಪುವ ರೂಮು ಸಿಗಲಿಲ್ಲ. ಹೊನ್ನಾಳಿಗೆ ಹೋಗಿ ಒಂದು ಲಾಡ್ಜಿನ ಕಮೋಡುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಪರೀಕ್ಷೆ ಎಂದರೆ, ಪಂಚೆ ಸಮೇತ ಕೂತು ಎದ್ದೆ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್, “ಕುರ್ಚಿ ಬೇಕಿದ್ರೆ ಕೆಳಗೆ ಐತೆ ಸಾರ್” ಎಂದ. ನಾನು ಗಾಂಭೀರ್ಯ ಬಿಡದೆ ಮೂರು ಎಸಿ ರೂಮು ಬುಕ್ ಮಾಡಿದೆ.

ಅಕ್ಕನನ್ನು ಒಂದು ಮಾತು ಕೇಳಿ ಎಂದಳು ಸಾವಿತ್ರಿ. ಕೇಳಿದರೆ ಅಕ್ಕ ಬೇಡ ಅನ್ನುತ್ತಾಳೆ, ಆದ್ದರಿಂದ ಕೇಳಲಿಲ್ಲ. ಈ ತರ್ಕ ಆಗ ನನಗೆ ಬಹಳ ಗಟ್ಟಿಯಾಗಿ ಕಂಡಿತ್ತು.

ಸೊಕ್ಕೆಯ ಟೆಂಪೊ ಹೊನ್ನಾಳಿಯ ಮೇಲೆಯೇ ಬಂತು. ಲಾಡ್ಜಿನ ಮುಂದೆ ತಡೆದು, ಎಲ್ಲರನ್ನೂ ಎದುರಿನ ಹೋಟೆಲ್ಲಿಗೆ ಚಹಾ ಕುಡಿಯಲು ಕಳಿಸಿದೆ. ಅವರು ಬರುವಷ್ಟರಲ್ಲಿ ಟೆಂಪೊ ಒಳಗಿದ್ದ ಬ್ಯಾಗುಗಳೆಲ್ಲ ರೂಮು ಸೇರಿದ್ದವು.

ಅಕ್ಕ ಬೋರ್ಡು ಓದಿದಳು. ಆಮೇಲೆ ನನ್ನನ್ನು ನೋಡಿದಳು.

“ಇಲ್ಲಿ ಯಾರ ಮನೆ ಐತೋ ತಮ್ಮ?”

“ಲಾಡ್ಜ್ ಅಕ್ಕ. ನಿನಗೇ ಅಂತ ಮಾಡೀನಿ. ಎಸಿ ಐತೆ.”

“ನಾನು ಮದುವೆಗೆ ಬಂದೀನೋ, ಕೋರ್ಟಿಗೆ ಸಾಕ್ಷಿ ಹೇಳಾಕೆ ಬಂದೀನೋ?”

ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದ ಸೋದರತ್ತೆಯನ್ನು, ಹುಟ್ಟಿದ ಮನೆಯ ಹೊಸ್ತಿಲು ದಾಟಿಸದೆ ಬೇರೆ ಊರಿನ ಲಾಡ್ಜಿನ ಮುಂದೆ ಇಳಿಸಿದ್ದೆ. ಅದು ನನಗೆ ಹೊಳೆದದ್ದು ಆಗ! ಮೊಣಕಾಲು, ಕಮೋಡು ಎಂದು ಏನೋ ತೊದಲಿದೆ. ಅಕ್ಕ ಸುಮ್ಮನೆ ಟೆಂಪೊದ ಮೇಲ್ಗಡೆ ತೋರಿಸಿದಳು. ಚಾಪೆಗಳ ಜೊತೆ ಹಗ್ಗದಲ್ಲಿ ಬಿಗಿದ ಒಂದು ಕುರ್ಚಿ. ನಡುವೆ ದುಂಡನೆಯ ತೂತು.

“ಈ ಸಲ ನಿನ್ನ ಮನೇಲಿ ಉಳೀಬೇಕು ಅಂತಾನೇ ಕಟ್ಕೊಂಡು ಬಂದೀನಿ. ಜಗಳೂರು ಬಸ್ ಸ್ಟ್ಯಾಂಡ್ ಮುಂದೆ ಟೆಂಪೊ ನಿಂತಾಗ ಎಲ್ರೂ ನೋಡಿ ನಕ್ರು” ಎಂದಳು. ಅವಳು ನಗಲಿಲ್ಲ. ಟೆಂಪೊ ಹತ್ತಿ ಕೂತಳು. ಹಿಂದೆಯೇ ಎಲ್ಲರೂ ಹತ್ತಿದರು.

ಬೈಕಿನಲ್ಲಿ ಬೆನ್ನುಹತ್ತಿ ನಾನು ಮನೆ ಮುಟ್ಟಿದಾಗ ನಡುಮನೆಯಲ್ಲಿ ಆಗಲೇ ನಗು ಎದ್ದಿತ್ತು. ಅಕ್ಕ ಅವ್ವನ ಜಾಗದಲ್ಲಿ ಗೋಡೆಗೆ ಒರಗಿ ಕಾಲು ಚಾಚಿದ್ದಳು. ನಾನೂ ಒಂದು ಮೂಲೆ ಹಿಡಿಯಬೇಕು, ಅಷ್ಟರಲ್ಲಿ ಸಾವಿತ್ರಿ ಕೇಳಿದಳು: “ರೀ, ಇವರ ಬ್ಯಾಗೆಲ್ಲಿ?”

ಬ್ಯಾಗು ಹೊನ್ನಾಳಿಯಲ್ಲಿ. ಅವುಗಳಲ್ಲಿ ಸೊಕ್ಕೆಯವರ ಬಟ್ಟೆ ಮಾತ್ರವಲ್ಲ, ಮಗಳಿಗೆ ತಂದ ಒಡವೆಯೂ ಇತ್ತು. ಟೆಂಪೊದವನು ಗೋವಿನಕೋವಿಯ ನೆಂಟರ ಮನೆಗೆ ಹೋಗಿಬಿಟ್ಟಿದ್ದ, ಬೆಳಿಗ್ಗೆಯೇ ಬರುವುದಂತೆ. ಅಲ್ಲಿಯ ತನಕ ಲಾಡ್ಜಿನಲ್ಲಿ ಯಾರಾದರೂ ಬ್ಯಾಗು ಕಾಯಬೇಕು. ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

ಆ ರಾತ್ರಿ ಎಸಿ ರೂಮಿನಲ್ಲಿ ಬ್ಯಾಗುಗಳ ನಡುವೆ ಮಲಗಿದ್ದಾಗ ಅಕ್ಕನ ಫೋನು ಬಂತು. ಹಿಂದೆ ಚಾಪೆ ಕೊಡವುವ ಸದ್ದು, ಮಕ್ಕಳ ಕೇಕೆ.

“ಎಲ್ಲಾ ಸಾಲಾಗಿ ಮಲಗೀವಿ ಕಣೋ. ನೀನೊಬ್ಬನೇ ಇಲ್ಲ” ಎಂದಳು.

ಹೂಂ ಎಂದೆ. ಅವರು ನಗುವುದನ್ನು ಇನ್ನಷ್ಟು ಕೇಳೋಣವೆಂದು ಫೋನು ಕಿವಿಗೆ ಇಟ್ಟುಕೊಂಡೇ ಇದ್ದೆ. ಅವಳೇ ಇಟ್ಟಳು.

ಕಮೋಡ್ ಮಾತ್ರ ಬಹಳ ಚೆನ್ನಾಗಿತ್ತು.