ಮೂರನೇ ಕ್ಲಾಸಿನ ಇಸ್ಪೆಲಿಂಗು

ಬೆಳಿಗ್ಗೆ ಪೂಜೆಗೆ ಕುಳಿತಾಗ ನಮ್ಮ ಮನೆದೇವರು ಮೈಲಾರ ಮಲ್ಲಣ್ಣನ ಹತ್ತಿರ ನಾನು ಕೇಳಿಕೊಳ್ಳುತ್ತಿದ್ದದ್ದು ಒಂದೇ ವರ: “ತಂದೆ, ಇವತ್ತು ಕ್ಲಾಸಿನಲ್ಲಿ ನಗು ಬರದಂಗ ಕಾಪಾಡು.” ಬೇಡಿದ್ದನ್ನೆಲ್ಲ ಕೊಟ್ಟ ದೇವರು ಇದೊಂದನ್ನು ಮಾತ್ರ ಕೊಡಲಿಲ್ಲ. ಮೂರನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್ಡಿಗೆ ಅವನೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದನೋ ಏನೋ.

ಯಜಮಾನರಿಗೆ ರೈಲ್ವೆ ನೌಕರಿ. ಬೀದರಿನಿಂದ ಬಂದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದ್ದೆವು, ಅಲ್ಲೇ ಒಂದು ಸಣ್ಣ ಶಾಲೆಯಲ್ಲಿ ನಾನು ಟೀಚರ್. ನನ್ನ ಕ್ಲಾಸಿನಲ್ಲಿ ನಮ್ಮ ಕಡೆಯ ರೈಲ್ವೆಯವರ ಮಕ್ಕಳೇ ಹೆಚ್ಚು. ಊರಿನ ಆ ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಇಂಗ್ಲಿಷ್ ಬರಬೇಕೆಂದು ತಂದೆತಾಯಿಯರ ಹಟ.

ಶಾಲೆಯ ಒಡೆಯರನ್ನು ನಾವು ಕರೆಸ್ಪಾಂಡೆಂಟ್ ಸಾರ್ ಎನ್ನುತ್ತಿದ್ದೆವು. ಒಂದು ದಿನ ಅವರು ನನ್ನನ್ನು ಕರೆದು ತೆಲುಗಿನಲ್ಲಿ ಮೆತ್ತಗೆ ಹೇಳಿದರು: “ಟೀಚರಮ್ಮಾ, ಪೇರೆಂಟ್ಸ್ ಕಾನ್ವೆಂಟಿನಲ್ಲಿ ಓದಿದ ಟೀಚರ್ ಕೇಳ್ತಿದ್ದಾರೆ. ವರ್ಷದ ಕೊನೆಗೆ ನಾನೇ ಬಂದು ಡಿಕ್ಟೇಷನ್ ಕೊಡ್ತೀನಿ. ಮಕ್ಕಳು ಸರಿ ಬರೆದರೆ ಇಂಗ್ಲಿಷ್ ನಿಮಗೇ. ಇಲ್ಲಾಂದ್ರೆ ನಿಮಗೆ ಮಾರಲ್ ಸೈನ್ಸು. ಹೇಗೂ ದೈವಭಕ್ತರು.”

ನಾನು ಕನ್ನಡ ಶಾಲೆಯವಳು. ಎ ಬಿ ಸಿ ಡಿ ಮುಖ ನೋಡಿದ್ದು ಐದನೇ ಇಯತ್ತೆಯಲ್ಲಿ, ಅದೂ ಅಳುತ್ತಾ. ಅಷ್ಟು ಅತ್ತು ಕಲಿತದ್ದನ್ನು ನಗಿಸುತ್ತಾ ಕಲಿಸುವ ಆ ನಲವತ್ತು ನಿಮಿಷ ನನಗೆ ಪ್ರಸಾದವಿದ್ದಂತೆ. ಅದನ್ನು ಬಿಟ್ಟುಕೊಡುವುದೇ?

ಮೊದಲು ಐ ತೆಗೆಯಿರಿ

ನಮ್ಮ ಮಕ್ಕಳ ಮೊದಲ ರೋಗ, ‘ಇಸ್ಕೂಲು’. ಸ್ಕೂಲ್, ಸ್ಟೇಷನ್, ಸ್ಪೂನ್ ಯಾವುದೇ ಇರಲಿ, ಮುಂದೆ ಒಂದು ‘ಇ’ ಹಚ್ಚಿ ಹೇಳುವುದು, ಹೇಳಿದಂತೆ ಐ ಹಾಕಿ ಬರೆಯುವುದು. ಸುಳ್ಳೇಕೆ, ನಮ್ಮ ಮನೆಯಲ್ಲೂ ಯಜಮಾನರು ಇವತ್ತಿಗೂ ‘ಇಸ್ಟೇಷನ್’ಗೇ ಹೋಗುತ್ತಾರೆ.

ನಾನು ಒಂದು ನಿಯಮ ಮಾಡಿದೆ: “ಎಸ್ ಮುಂದೆ ಐ ಕಂಡರೆ ರಬ್ಬರ್ ತಗೊಂಡು ಅಳಿಸಿಬಿಡ್ರಿ.”

ಮರುದಿನ ಒಬ್ಬ ಹುಡುಗನ ಕಾಪಿ ಬರಹದ ಪುಸ್ತಕ ನೋಡಿದರೆ ‘ದಿಸ್ ಈಸ್ ಮೈ ಸಿಸ್ಟರ್’ ಎಂಬ ವಾಕ್ಯದಲ್ಲಿ ಒಂದೂ ಐ ಉಳಿದಿಲ್ಲ. ಯಾಕೋ ಎಂದರೆ, “ನೀವೇ ಹೇಳೀರಲ್ರಿ ಟೀಚರ್, ಎಲ್ಲಾ ಎಸ್ ಮುಂದೂ ಇತ್ತು.”

“ಹಂಗಾದ್ರ ನೀ ಬರೆದದ್ದು ನೀನೇ ಓದು” ಎಂದೆ. ಪಾಪ, ‘ದ್ಸ್ಸ್ ಸ್ಸ್ಸ್ ಮೈ ಸ್ಸ್ಸ್ಟರ್’ ಎಂದು ಪೂರ್ತಿ ಓದಿದ. ಬಾಗಿಲ ಹೊರಗಿದ್ದ ಆಯಾ ಕೋಲು ಹಿಡಿದು ಒಳಗೆ ಓಡಿ ಬಂದಳು, “ಎಲ್ಲಿ ಹಾವು?”

ಕ್ಯೂ ಎಂಬ ಗಂಡ

“ಕ್ಯೂ ಗಂಡ, ಯು ಹೆಂಡತಿ. ಆಕೆ ಇಲ್ಲದೆ ಅವನು ಹೊಸ್ತಿಲು ದಾಟೋದಿಲ್ಲ. ಕ್ವೀನ್, ಕ್ವಿಕ್, ಕ್ವಶ್ಚನ್, ಎಲ್ಲಾ ಕಡೆ ಜೋಡಿ” ಎಂದು ಹೇಳಿಕೊಟ್ಟೆ. ಶಿವಪಾರ್ವತಿಯರ ಉದಾಹರಣೆಯನ್ನೂ ಕೊಟ್ಟೆ. ಪಾಠ ಚೆನ್ನಾಗಿ ಬಂತೆಂದು ಮನಸ್ಸಿನಲ್ಲೇ ಮಲ್ಲಣ್ಣನಿಗೆ ಕೈಮುಗಿದೆ.

ಮುಗಿದ ಕೈ ಇಳಿಸುವಷ್ಟರಲ್ಲಿ ತಾರಿಕ್ ಎಂಬ ಹುಡುಗ ಎದ್ದ. “ಟೀಚರ್, ನನ್ನ ಹೆಸರಿನ ಕೊನೆಗೆ ಕ್ಯೂ ಒಬ್ಬನೇ ಇದ್ದಾನೆ.”

ಹೈದರಾಬಾದಿನಲ್ಲಿ ಇಂಥ ನಿಯಮ ಹೇಳುವ ಮುನ್ನ ಹಾಜರಿ ಪುಸ್ತಕ ನೋಡಬೇಕಿತ್ತು. ಏನೋ ಒಂದು ಹೇಳಬೇಕಲ್ಲ, “ನಿನ್ನ ಕ್ಯೂಗೆ ಇನ್ನೂ ಮದುವೆ ಆಗಿಲ್ಲಪ್ಪ, ದೊಡ್ಡವನಾದ ಮೇಲೆ ಆಗ್ತದ” ಎಂದೆ. ಹುಡುಗ ನಾಚಿ ಕೂತ.

ಮಾರನೆಯ ದಿನ ಅವನ ತಾಯಿ ಹಾಜರ್. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು: “ಟೀಚರ್‌ಜೀ, ನೀವು ಸಂಬಂಧ ನೋಡಿದ್ದು ನಮ್ಮ ಭಾಗ್ಯ. ಆದರೆ ಮೊದಲು ಹುಡುಗ ನಾಲ್ಕನೇ ಕ್ಲಾಸಿಗೆ ಪಾಸಾಗಲಿ.”

ಮೌನವ್ರತ

ನೈಫ್ ಎಂಬ ಪದದಲ್ಲಿ ಕೆ ಬರೆಯುತ್ತೇವೆ, ಉಚ್ಚರಿಸುವುದಿಲ್ಲ. ನನಗೆ ತಿಳಿದಂತೆ ವಿವರಿಸಿದೆ: “ಕೆ ಇವತ್ತು ಮೌನವ್ರತದಾಗ ಐತಿ.”

ಒಬ್ಬ ಕೇಳಿದ, “ವ್ರತ ಇದ್ರ ಮನ್ಯಾಗ ಕೂಡಬೇಕಿಲ್ರಿ? ಇಲ್ಲಿ ಯಾಕ ಬಂತು?”

ಪಕ್ಕದ ಹುಡುಗಿ ಅವನನ್ನು ತಿವಿದಳು: “ಹಾಜರಿ ಬ್ಯಾಡೇನೋ ಅದಕ್ಕ?”

ಬೆಂಚಿನ ಮೇಲಿನ ಅಪ್ಪ

ದಿನಕ್ಕೆ ಐದು ಹೊಸ ಪದ, ಪ್ರತಿ ಪದಕ್ಕೂ ಸ್ವಂತ ವಾಕ್ಯ. ಒಂದು ದಿನ ‘ಬೆಂಚ್’ ಕೊಟ್ಟೆ. ಮೈಸೂರು ಕಡೆಯಿಂದ ಬಂದಿದ್ದ ಹುಡುಗನೊಬ್ಬ ಬರೆದಿದ್ದ: ‘ಮೈ ಫಾದರ್ ಈಸ್ ಆನ್ ದಿ ಬೆಂಚ್.’

ನಮ್ಮ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಶಿಕ್ಷೆ. ಕರೆದು ಗುಟ್ಟಾಗಿ ಕೇಳಿದೆ, “ಆಫೀಸಿನಾಗ ಏನಾಯ್ತಪ್ಪ?”

“ಪ್ರಾಜೆಕ್ಟ್ ಇಲ್ಲ ಮಿಸ್, ಅದಕ್ಕೆ.”

ಅಯ್ಯೋ, ಪ್ರಾಜೆಕ್ಟ್ ತರದಿದ್ದರೆ ನಮ್ಮಲ್ಲೂ ಅದೇ ಶಿಕ್ಷೆ. “ಎಷ್ಟು ಹೊತ್ತಿನಿಂದ?”

“ಎರಡು ತಿಂಗಳಿಂದ ಮಿಸ್.”

ಪರ್ಸಿನಲ್ಲಿ ಸದಾ ಇರುವ ಮಲ್ಲಣ್ಣನ ಭಂಡಾರ, ಅಂದರೆ ಅರಿಶಿನದ ಪ್ರಸಾದ, ಪೊಟ್ಟಣ ಕಟ್ಟಿ ಕೊಟ್ಟೆ: “ಅಪ್ಪನ ಮೊಣಕಾಲಿಗೆ ಹಚ್ಚು.”

ಶನಿವಾರ ಅಪ್ಪನೇ ಬಂದರು. “ಮೇಡಂ, ನನ್ನ ಮೊಣಕಾಲಿಗೆ ಏನೂ ಆಗಿಲ್ವಲ್ಲ?” ಎಂದವರು ನನ್ನ ಸಂಕಟ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹೊಸ ಕೆಲಸ ಬರುವವರೆಗೆ ಕಂಪನಿ ಸುಮ್ಮನೆ ಕೂರಿಸಿ ಸಂಬಳ ಕೊಡುವುದಕ್ಕೆ ಬೆಂಚು ಅನ್ನುತ್ತಾರಂತೆ. “ಆದ್ರೂ ಪ್ರಸಾದ ಬಿಡಲ್ಲ ಮೇಡಂ, ಪ್ರಾಜೆಕ್ಟ್ ಸಿಗಲಿ ಅಂತ ಹಣೆಗೆ ಹಚ್ಚಿಕೊಳ್ತೀನಿ” ಎಂದರು.

ಇದೆಲ್ಲ ಕೇಳಿಸಿಕೊಂಡ ಲೆಕ್ಕದ ಟೀಚರ್, ನಮ್ಮ ಬೀದರಿನವರೇ, ಹತ್ತಿರ ಬಂದು ಪಿಸುಗುಟ್ಟಿದರು: “ಅಕ್ಕಾ, ಅಂಥಾದೊಂದು ಬೆಂಚು ನಮ್ಮ ಸ್ಟಾಫ್ ರೂಮಿಗೂ ಹಾಕ್ಸಲಿಕ್ಕೆ ಮಲ್ಲಣ್ಣಗ ಹೇಳ್ರಿ.”

ಡಿಕ್ಟೇಷನ್

ಕೊನೆಗೂ ಆ ದಿನ ಬಂತು. ಕರೆಸ್ಪಾಂಡೆಂಟ್ ಸಾರ್ ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು ಬಂದರು. ಪುಸ್ತಕ ಚಾಚಿದರೆ, “ಬೇಡಮ್ಮಾ, ನಾನು ಬಾಯಿಂದಲೇ ಹೇಳ್ತೀನಿ” ಎಂದರು. ನಾನು ಮೂಲೆಯಲ್ಲಿ ನಿಂತು ಮಲ್ಲಣ್ಣನನ್ನು ನೆನೆಯುತ್ತಿದ್ದೆ.

ಸಾರ್ ಗಂಟಲು ಸರಿಮಾಡಿಕೊಂಡರು. “ಯೆಗ್.”

ನಾನು ಮಲ್ಲಣ್ಣನ ಜಪದ ವೇಗ ಹೆಚ್ಚಿಸಿದೆ.

“ಯೆಲಿಫೆಂಟ್. ಯೆಂಜಿನ್. ಯೆಲ್ಲೋ. ಯೆಸ್.”

ಮಕ್ಕಳು ಪೆನ್ಸಿಲ್ ಕಚ್ಚಿದರು. ಮುಂದಿನ ಸಾಲಿನವನು ಪಕ್ಕದವನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ದೊಡ್ಡ ಸಾರ್ ಯೆ ಅಂದಾರ. ಎಲ್ಲಾಕ್ಕೂ ವೈ ಹಾಕು.” ಆ ಮಾತು ಗಾಳಿಯಂತೆ ಹಿಂದಿನ ಸಾಲಿನವರೆಗೂ ಹೋಯಿತು. ಎಗ್‌ಗೂ ವೈ, ಎಲಿಫೆಂಟ್‌ಗೂ ವೈ, ಎಂಜಿನ್‌ಗೂ ವೈ.

ಮುಗಿಯಿತು, ಇನ್ನು ನನಗೆ ಮಾರಲ್ ಸೈನ್ಸೇ ಗತಿ ಎಂದುಕೊಂಡೆ. ಸಾರ್ ಕೆಂಪು ಪೆನ್ನು ಹಿಡಿದು ತಿದ್ದಲು ಕುಳಿತರು. ಮೊದಲ ಪುಸ್ತಕ, ಐದಕ್ಕೆ ಐದು. ಎರಡನೆಯದು, ಐದಕ್ಕೆ ಐದು. “ಶಭಾಷ್ ಟೀಚರಮ್ಮಾ!” ಎಂದು ರೈಟು ಹಾಕುತ್ತಲೇ ಹೋದರು. ಒಬ್ಬಳು ಹುಡುಗಿ ಮಾತ್ರ ಕಲಿತದ್ದನ್ನು ಕಲಿತಂತೆ ಬರೆದಿದ್ದಳು. ಅವಳಿಗೆ ಮೂರು ತಪ್ಪು. ಅವಳು ರಬ್ಬರ್ ಹುಡುಕತೊಡಗಿದಳು.

ನಾನು ಸುಮ್ಮನಿದ್ದರೆ ಪೀರಿಯಡ್ಡು ಉಳಿಯುತ್ತದೆ. ಆದರೆ ನಾಳೆ ಯಾವ ಮುಖ ಇಟ್ಟುಕೊಂಡು ಪೂಜೆಗೆ ಕೂರಲಿ? ‘ಹೋದರೆ ಹೋಗಲಿ, ತಂದೆ’ ಎಂದುಕೊಂಡು ಬಾಯಿ ಬಿಟ್ಟೆ: “ಸಾರ್, ಕ್ಷಮಿಸಬೇಕು. ಈ ಹುಡುಗಿ ಬರೆದದ್ದೇ ಸರಿ. ಎಗ್‌ಗೆ ವೈ ಬರೋದಿಲ್ಲ.”

ಸಾರ್ ಸಿಟ್ಟಾಗಲಿಲ್ಲ, ದೊಡ್ಡ ಮನುಷ್ಯ. “ಹಾಗೋ? ಡಿಕ್ಷನರಿ ತರಿಸಿ, ನೋಡೇಬಿಡೋಣ” ಎಂದರು.

ಡಿಕ್ಷನರಿ ಬಂತು. ಸಾರ್ ಕನ್ನಡಕ ಏರಿಸಿದರು, ಬೆರಳಿಗೆ ಎಂಜಲು ಹಚ್ಚಿದರು, ಸೀದಾ ಕೊನೆಗೆ ಹೋಗಿ ವೈ ಪುಟ ತೆರೆದರು. ಮೇಲಿಂದ ಕೆಳಗೆ ಹುಡುಕಿದರು. ಮತ್ತೆ ಕೆಳಗಿಂದ ಮೇಲೆ ಹುಡುಕಿದರು. ಕೊನೆಗೆ ಪುಸ್ತಕ ಮುಚ್ಚಿ ನಿಟ್ಟುಸಿರು ಬಿಟ್ಟರು.

“ಟೀಚರಮ್ಮಾ, ಈ ಡಿಕ್ಷನರಿ ತೀರಾ ಚಿಕ್ಕದು, ಯೆಗ್ಗೇ ಇಲ್ಲ. ಕೋಠಿಯ ಪುಸ್ತಕದಂಗಡಿಯಿಂದ ದೊಡ್ಡದು ತರಿಸ್ತೀನಿ. ಇದು ತೀರ್ಮಾನ ಆಗೋವರೆಗೂ ಈ ಹುಡುಗಿಗೂ ಐದಕ್ಕೆ ಐದು, ಇಂಗ್ಲಿಷೂ ನಿಮ್ಮ ಹತ್ತಿರವೇ ಇರಲಿ.”

ದೊಡ್ಡ ಡಿಕ್ಷನರಿಯೂ ಬಂತು. ಸಾರ್ ಅದರಲ್ಲೂ ವೈ ಪುಟವನ್ನೇ ಹುಡುಕಿದರು. ನಾನು ಆ ಶಾಲೆಯಲ್ಲಿ ಇನ್ನೂ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದೆ.