ಬೀದಿ ನೋಡುತ್ತ ಕುಳಿತ ಸೋಲಾರು

ಸೂರ್ಯನನ್ನು ನಂಬಿ ಹೆಂಡತಿಗೆ ಮಾತು ಕೊಡಬಾರದು. ಸೂರ್ಯ ಮಾತಿಗೆ ತಪ್ಪುವವನಲ್ಲ, ನಿಜ. ಆದರೆ ಆತ ಯಾವ ಕಡೆಯಿಂದ ಬರುತ್ತಾನೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಉತ್ತರಾಯಣ, ದಕ್ಷಿಣಾಯನಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವ ಮೇಷ್ಟರು ನಾನು. ದಯವಿಟ್ಟು ನಗಬೇಡಿ.

ಜೋಳದ ಡಬ್ಬ ಹೊತ್ತು ಗಿರಣಿಗೆ ಹೋಗುವ ಕೆಲಸ ಮದುವೆಯಾದಂದಿನಿಂದ ನನ್ನದು. ಅಲ್ಲಿ ನನ್ನ ವಿದ್ಯಾರ್ಥಿಗಳ ತಾಯಂದಿರ ಜೊತೆ ಸಾಲಿನಲ್ಲಿ ನಿಂತು, ಮಕ್ಕಳ ಮಾರ್ಕ್ಸಿನ ಬಗ್ಗೆ ಉತ್ತರ ಕೊಡಬೇಕು. ಅದಕ್ಕೇ ಮಾಳಿಗೆ ಮೇಲೆ ಸೋಲಾರ್ ಹಾಕಿಸುವಾಗ, "ಕರೆಂಟ್ ಬಿಲ್ಲಿನಾಗ ಉಳಿಯೋ ರೊಕ್ಕದಾಗ ಮನಿಗೇ ಒಂದು ಸಣ್ಣ ಗಿರಣಿ ತರ್ತೀನಿ" ಎಂದು ಹೆಂಡತಿ ಗಿರಿಜಾಳಿಗೆ ಮಾತು ಕೊಟ್ಟೆ. ಆಕೆಗಿಂತ ನನಗೇ ಅದು ಹೆಚ್ಚು ಬೇಕಾಗಿತ್ತು.

ಫಿಟ್ ಮಾಡಲು ಬಂದವರು ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸೋಣ ಎಂದರು. ನಮ್ಮವ್ವ ಅಂಗಳದಿಂದಲೇ ಗುಡುಗಿದಳು: "ಯಮನ ದಿಕ್ಕಿಗೆ ಮುಖ ಮಾಡಿ ನಾವು ತುತ್ತು ಉಣ್ಣಂಗಿಲ್ಲ. ಮನಿ ಕರೆಂಟ್ ಆ ಕಡಿಯಿಂದ ತರ್ತೀಯೇನಲೇ?" ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಬೀದಿ ಇರುವುದು ಉತ್ತರಕ್ಕೆ. ಇಷ್ಟು ಖರ್ಚು ಮಾಡಿ ತಂದ ಪ್ಯಾನೆಲ್ಲು ಬೀದಿ ಬಿಟ್ಟು ಹಿತ್ತಲಿನ ಎಮ್ಮೆಗೆ ಮುಖ ತೋರಿಸಬೇಕೆ? "ಅವ್ವನ ಮಾತು ಮೀರಂಗಿಲ್ರಿ" ಎಂದು ಉತ್ತರಕ್ಕೇ ಕೂರಿಸಿದೆ. ಮಾತೃಭಕ್ತಿ ಇಷ್ಟು ಅನುಕೂಲಕ್ಕೆ ಬಂದದ್ದು ಅದೇ ಮೊದಲು.

ಅದು ಬೇಸಿಗೆಯ ಕೊನೆ. ನಮ್ಮ ಸೀಮೆಯಲ್ಲಿ ಆಗ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ವಾಲಿರುತ್ತಾನೆ. ಬಿಲ್ಲು ಸೊರಗಿತು, ನಾನು ಉಬ್ಬಿದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಸಿ ಎಲ್ಲರಿಗೂ ಉಪದೇಶ ಮಾಡಿದೆ. ದೀಪಾವಳಿ ದಾಟಿತು, ಸೂರ್ಯ ದಕ್ಷಿಣಕ್ಕೆ ಸರಿದ, ಬಿಲ್ಲು ಮತ್ತೆ ಮೈ ತುಂಬಿಕೊಂಡಿತು. ಗಿರಿಜಾ ಗಿರಣಿಯ ಮಾತೆತ್ತಿದರೆ ಸಾಕು, ನಾನು ಪ್ಯಾನೆಲ್ಲಿನ ಧೂಳು ಒರೆಸಲು ಮಾಳಿಗೆ ಹತ್ತುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಹಾಗೆ ಹತ್ತಿದರೆ, ಗಿರಿಜಾ ಅಲ್ಲೇ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಅವ್ವ ಬೀದಿ ನೋಡುತ್ತ ಚಳಿಗೆ ಬೆನ್ನು ಕಾಸಿಕೊಳ್ಳುತ್ತಿದ್ದಳು.

"ಅತ್ತಿ, ಬಿಸಿಲು ಎಲ್ಲಿ ಬೀಳಾಕತ್ತೈತ್ರಿ?" ಎಂದಳು ಗಿರಿಜಾ.

"ಬೆನ್ನಿಗೆ ಬೀಳಾಕತ್ತೈತವ್ವ. ಹಾಯ್ ಅನ್ನಸ್ತೈತಿ."

"ಇವೂ ನಿಮ್ಮಂಗ ಬೀದಿ ನೋಡ್ಕೊಂತ ಬೆನ್ನು ಕಾಸಾಕತ್ಯಾವ್ರಿ" ಎಂದು ಗಿರಿಜಾ ಪ್ಯಾನೆಲ್ಲುಗಳನ್ನು ತೋರಿಸಿದಳು.

ಅವ್ವ ತಿರುಗಿ ಸೂರ್ಯನನ್ನು ನೋಡಿದಳು, ಪ್ಯಾನೆಲ್ಲು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಸೂರ್ಯಪ್ಪನೇ ಹೋದ ದಿಕ್ಕು ಅದ್ಹೆಂಗ ಕೆಟ್ಟದ್ದಾಗ್ತೈತಿ? ತಿರುಗಸಲೇ! ಸಾಲ್ಯಾಗ ಮಕ್ಳಿಗೆ ಏನು ಕಲಸ್ತೀಯೋ ಏನೋ."

ತಿರುಗಿಸಿದೆ. ಬಿಲ್ಲು ಇಳಿಯಿತು, ತಡವಾಗಿಯಾದರೂ ಗಿರಣಿ ಬಂತು. ಬೀದಿಯವರಿಗೆ ಈಗ ಕಾಣುವುದು ಪ್ಯಾನೆಲ್ಲಿನ ಬೆನ್ನು ಮಾತ್ರ, ಆದರೆ ಗಿರಣಿಯ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಬಿಸಿಲಿದ್ದಾಗಲೇ ಬೀಸಬೇಕೆಂದು ಗಿರಿಜಾಳ ಕಟ್ಟಪ್ಪಣೆ. "ಬಿಸಿಲಿನ ಕರೆಂಟ್ ಐತಿ, ಬಂದು ಬೀಸಿಸ್ಕೊಳ್ರಿ" ಎಂದು ಓಣಿಗೆಲ್ಲ ಅವ್ವನ ಆಹ್ವಾನ. ಹೀಗಾಗಿ ಭಾನುವಾರ ಮಧ್ಯಾಹ್ನ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿರುತ್ತೇನೆ. ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಡಬ್ಬ ಮುಂದಿಟ್ಟು, ಮಗನ ಮಾರ್ಕ್ಸಿನ ಸುದ್ದಿಯನ್ನೇ ಎತ್ತಲಿಲ್ಲ.

"ಸರ, ಹ್ವಾದ ವಾರ ಹಿಟ್ಟು ತರಿತರಿ ಆಗಿತ್ರಿ. ಈ ಸಲ ಸ್ವಲ್ಪ ಸಣ್ಣಗ ಬೀಸ್ರಿ" ಎಂದರು.